ಪಾಪಕ್ಕನ ಕನ್ಫರ್ಮೇಶನ್ ಕ್ಲಾಸು

ಪಾಪಕ್ಕ ಸತ್ತಾಗ ಮಣ್ಣಿಗೆ ಬಂದಿದ್ದ ಹೊಸ ಪಾದ್ರಿ ಅವಳನ್ನು ಶಾಂತ ಸ್ವಭಾವದ ತಾಯಿ ಎಂದು ಹೊಗಳಿದ. ಅವನಿಗೆ ಯಾರು ಹೇಳಿಕೊಟ್ಟರೋ. ನಾನು ನಗು ತಡೆಯಲಾರದೆ ಸೆರಗನ್ನು ಬಾಯಿಗೆ ಒತ್ತಿಕೊಂಡೆ. ಅಳುತ್ತಿದ್ದೇನೆ ಎಂದುಕೊಂಡು ಪಕ್ಕದವರು ಬೆನ್ನು ಸವರಿದರು. ಶಾಂತ ಸ್ವಭಾವವಂತೆ! ಮೊಳಕಾಲ್ಮೂರಿನ ನಮ್ಮ ಕಾಲೋನಿಯಲ್ಲಿ ಆ ಹೆಂಗಸಿನ ಕೈಯಿಂದ ಏಟು ತಿನ್ನದೆ ದೊಡ್ಡವರಾದವರು ಯಾರಿದ್ದಾರೆ, ತೋರಿಸಿ ನೋಡೋಣ.

ಅವಳು ಹುಟ್ಟಿದ್ದು ಚಳ್ಳಕೆರೆಯಲ್ಲಿ, ಎಣ್ಣೆ ಮಿಲ್ಲಿನಲ್ಲಿ ಶೇಂಗಾ ಮೂಟೆ ಹೊರುವವನ ಮಗಳಾಗಿ. ಮದುವೆಯಾಗಿ ನಮ್ಮೂರಿಗೆ ಬಂದಳು. ಗಂಡ ಕುಡಿದಾಗ ಹೊಡೆಯುತ್ತಿದ್ದ, ಕುಡಿಯದಿದ್ದಾಗ ಇನ್ನೂ ಸರಿಯಾಗಿ ಗುರಿಯಿಟ್ಟು ಹೊಡೆಯುತ್ತಿದ್ದ. ಕೆಲವು ವರ್ಷ ಏಟು ತಿಂದಳು. ಒಂದು ದಿನ ಒನಕೆ ಎತ್ತಿ ಅವನ ಮೊಣಕಾಲಿಗೆ ಬಿಟ್ಟಳು. ಕುಂಟುತ್ತಾ ಬಳ್ಳಾರಿ ಕಡೆ ಹೋದವನು ತಿರುಗಿ ಬರಲಿಲ್ಲ. ಅದೇ ವರ್ಷ ಚಳ್ಳಕೆರೆಯಲ್ಲಿ ಅವಳ ತಂಗಿಯನ್ನು ಕಟ್ಟಿಕೊಂಡವನೇ ಸೀಮೆಎಣ್ಣೆ ಸುರಿದು ಸುಟ್ಟ. ತಂಗಿಯ ಕೂಸು ಪಾಲಾಕ್ಷನನ್ನು ಪಾಪಕ್ಕ ಸೊಂಟಕ್ಕೇರಿಸಿಕೊಂಡು ಬಂದಳು. ಅವನನ್ನು ಬಹಳ ಮುದ್ದಿನಿಂದ ಸಾಕಿದಳು, ಅಂದರೆ ನಮಗೆ ಎರಡೇಟು ಬಿದ್ದ ಕಡೆ ಅವನಿಗೆ ಒಂದು ಬೀಳುತ್ತಿತ್ತು.

ನಮ್ಮದು ತಗಡಿನ ಸೂರಿನ ಸಣ್ಣ ಲೂಥರನ್ ಚರ್ಚು, ಆಂಧ್ರದ ಕಡೆಯಿಂದ ಬಂದ ಸಭೆ. ಭಾನುವಾರ ರಾಯದುರ್ಗದ ಬಸ್ಸಿಳಿದು ಬರುತ್ತಿದ್ದ ಪಾದ್ರಿಯನ್ನು ನಾವು ಅಯ್ಯಗಾರು ಎನ್ನುತ್ತಿದ್ದೆವು. ಉಳಿದ ದಿನಗಳಿಗೆ ಪಾಪಕ್ಕನೇ ಉಪದೇಶಿ. ನಮ್ಮಲ್ಲಿ ಕೂಸಿದ್ದಾಗಲೇ ದೀಕ್ಷಾಸ್ನಾನ ಆಗಿಬಿಡುತ್ತದೆ, ಕೂಸಿಗೆ ಏನು ಗೊತ್ತು? ಬುದ್ಧಿ ಬಂದ ಮೇಲೆ ಪಾಠ ಕಲಿತು, ಸಭೆಯ ಎದುರು ನಿಂತು, ನಂಬಿದ್ದೇನೆ ಎಂದು ತನ್ನ ಬಾಯಿಂದಲೇ ಹೇಳಬೇಕು. ಅದೇ ಕನ್ಫರ್ಮೇಶನ್. ಅದಾದವರಿಗೆ ಮಾತ್ರ ಕರ್ತನ ಭೋಜನದ ರೊಟ್ಟಿ, ಅದಾದವರಿಗೆ ಮಾತ್ರ ಚರ್ಚಿನಲ್ಲಿ ಮದುವೆ.

ಆ ಪಾಠ ಕಲಿಸುವವಳು ಪಾಪಕ್ಕ. ಕೈಯಲ್ಲಿ ಹುಣಿಸೆ ಬರಲಿನ ಛಡಿ. ಹತ್ತು ಆಜ್ಞೆಗಳನ್ನೂ ಅವುಗಳ ಅರ್ಥವನ್ನೂ ಬಾಯಿಪಾಠ ಒಪ್ಪಿಸಬೇಕು. ಕೊಲೆ ಮಾಡಬಾರದೆನ್ನುವ ಐದನೇ ಆಜ್ಞೆ ಬಂದ ದಿನ ಎಲ್ಲರನ್ನೂ ಸಾಲಾಗಿ ನಿಲ್ಲಿಸಿ, ಅಂಗೈ ಚಾಚಿಸಿ, ಒಬ್ಬೊಬ್ಬರಿಗೂ ಚುರ್ ಎನ್ನುವಂತೆ ಬಾರಿಸುತ್ತಿದ್ದಳು.

“ಉರೀತಾ?”

“ಉರೀತೈತೆ ಪಾಪಕ್ಕ.”

“ಇನ್ನೊಬ್ರ ಮೈಗೂ ಹಿಂಗೇ ಉರೀತೈತೆ. ಅದೇ ಇದರ ಅರ್ಥ. ಕೂಕಳ್ರಿ.”

ಯಾರ ಮೈಗೂ ನೋವು ಮಾಡಬಾರದು ಎಂಬುದನ್ನು ಹೊಡೆದು ಕಲಿಸಿದ ಉಪದೇಶಿ ಇನ್ನೆಲ್ಲಾದರೂ ಇದ್ದಳೋ ಕಾಣೆ. ಆದರೆ ಸುಳ್ಳು ಯಾಕೆ ಹೇಳಲಿ, ನನಗೆ ಆ ಪಾಠ ಇವತ್ತಿಗೂ ಮರೆತುಹೋಗಿಲ್ಲ.

ನಮ್ಮ ಸಭೆಗೆ ಇನ್ನೊಂದು ಕಟ್ಟಳೆ ಇತ್ತು. ಕನ್ಫರ್ಮೇಶನ್ನಿಗೆ ಮುಂಚಿನ ಮೂರು ಭಾನುವಾರ ಅಯ್ಯಗಾರು ಹುಡುಗರ ಹೆಸರು ಓದಿ, ಯಾರಿಗಾದರೂ ತಕರಾರು ಇದೆಯೇ ಎಂದು ಕೇಳುತ್ತಿದ್ದರು. ಇದ್ದವರು ಎದ್ದು ಹೇಳಬೇಕು. ಮೂರನೇ ಭಾನುವಾರದೊಳಗೆ ರಾಜಿಯಾಗದಿದ್ದರೆ ಆ ವರ್ಷದ ಪಟ್ಟಿಯಿಂದ ಆ ಹುಡುಗರ ಹೆಸರು ಹೋಯಿತು.

ತೊಂಬತ್ತೆಂಟರಲ್ಲಿ ನನ್ನ ಹೆಸರಿನ ಜತೆ ಪಾಲಾಕ್ಷನ ಹೆಸರೂ ಬಂತು. ಆಗಲೇ ಅವನಿಗೆ ದಪ್ಪ ಮೀಸೆ. ಪಾಠಕ್ಕೆ ಚಕ್ಕರ್ ಹಾಕುತ್ತಾ ಅಷ್ಟು ವರ್ಷ ಕಳೆದಿದ್ದ. ಈಗ ಬಂದು ಕೂತದ್ದು ದೇವರ ಭಯಕ್ಕಲ್ಲ, ಶಶಿರೇಖಾಳಿಗಾಗಿ. ಅವನು ಕೆಲಸ ಮಾಡುತ್ತಿದ್ದ ಚಳ್ಳಕೆರೆಯ ಮಿಲ್ಲಿನ ಹಮಾಲಿ ಕಲ್ಲೇಶಪ್ಪನ ಮಗಳು ಅವಳು, ಅವರೂ ನಮ್ಮ ಸಭೆಯವರೇ. ಅವಳೂ ಇವನನ್ನೇ ಆಗುತ್ತೇನೆಂದು ಹಟ ಹಿಡಿದಿದ್ದಳು. ಕಲ್ಲೇಶಪ್ಪ ಒಂದೇ ಮಾತು ಹೇಳಿದ್ದ: “ಈ ವರ್ಷ ಕನ್ಫರ್ಮೇಶನ್ ಆದ್ರೆ ಕೊಡ್ತೀನಿ. ಇಲ್ಲಾಂದ್ರೆ ರಾಯದುರ್ಗದ ಗಂಡು ಕಾಯ್ತಾ ಐತೆ.” ಪಾಪಕ್ಕನಿಗೂ ಅಷ್ಟೇ ತವಕ. ಊರ ಮಕ್ಕಳನ್ನೆಲ್ಲ ದಡ ಮುಟ್ಟಿಸಿದವಳಿಗೆ ಮನೆಯ ಹುಡುಗನೇ ಉಳಿದುಬಿಟ್ಟಿದ್ದ.

ಮೊದಲ ಭಾನುವಾರ ಹೆಸರು ಓದಿದ ಕೂಡಲೇ ನಮ್ಮ ಕಾಲೋನಿಯ ಗಾದ್ರಪ್ಪ ಎದ್ದ. “ಪಾಲಾಕ್ಷನ ಮ್ಯಾಲೆ ನಂದು ತಕರಾರೈತೆ,” ಎಂದು ಕೂತ. ಎರಡನೇ ಭಾನುವಾರವೂ ಎದ್ದ.

ತಕರಾರು ಏನೆಂದು ಯಾರೂ ಕೇಳಬೇಕಿರಲಿಲ್ಲ. ಎರಡು ವರ್ಷದ ಹಿಂದೆ ಕಾಲೋನಿಯ ಕೈಪಂಪಿನ ಹತ್ತಿರ ಕೊಡದ ಸರದಿಗೆ ಜಗಳವಾಗಿತ್ತು. ಗಾದ್ರಪ್ಪ ಬಾಯಿ ತಪ್ಪಿಯೋ ಬೇಕೆಂತಲೋ, “ನಿಮ್ಮವ್ವ ಸುಮ್ ಸುಮ್ನೆ ಸುಟ್ಟೋದ್ಲೇನಲೇ, ಅವಳ ನಡತೆ ಹಂಗಿತ್ತು,” ಅಂದ. ಪಂಪಿನ ಹಿಡಿಕೆ ಕಳಚಿ ಪಕ್ಕದಲ್ಲೇ ಬಿದ್ದಿತ್ತು, ತೋಳಿನಷ್ಟು ಉದ್ದದ ಕಬ್ಬಿಣ. ಪಾಲಾಕ್ಷ ಅದನ್ನು ಎತ್ತಿ ಬೀಸಿದ. ತಲೆಗೆ ಬೀಳುವುದನ್ನು ತಡೆಯಲು ಗಾದ್ರಪ್ಪ ಬಲಗೈ ಅಡ್ಡ ಕೊಟ್ಟ. ಮೊದಲ ಏಟಿಗೆ ಕೈ ಮುರಿಯಿತು. ಬಿದ್ದವನ ಅದೇ ಕೈ ಮೇಲೆ ಮತ್ತೆರಡು ಬಿಟ್ಟ. ಮೂಳೆ ಚರ್ಮ ಹರಿದು ಹೊರಗೆ ಬಂದಿದ್ದನ್ನು ನಾನೇ ಕಂಡಿದ್ದೇನೆ. ಪೊಲೀಸು ಕೇಸಾಯಿತು, ಹಿರಿಯರು ಸೇರಿ ರಾಜಿ ಮಾಡಿಸಿದರು, ಆದರೆ ಕೈ ಕೂಡಲಿಲ್ಲ. ಒಣಗಿದ ಕೊಂಬೆಯ ಹಾಗೆ ಮಡಚಿಕೊಂಡೇ ಉಳಿಯಿತು. ಗಾದ್ರಪ್ಪ ರೇಷ್ಮೆ ಸೀರೆ ನೇಯುವ ಕೂಲಿಯವನು. ಮಗ್ಗದ ಕೆಲಸ ಹೋಯಿತು.

ಪಾಪಕ್ಕ ಮೊದಲು ಅವನ ಬಾಗಿಲಲ್ಲಿ ನಿಂತು ಬಾಯಿಗೆ ಬಂದ ಹಾಗೆ ಬೈದಳು. ಪ್ರಯೋಜನವಾಗಲಿಲ್ಲ. ಆಮೇಲೆ ಕಾಲು ಹಿಡಿ ಹೋಗು ಎಂದು ಪಾಲಾಕ್ಷನನ್ನು ಕಳಿಸಿದಳು. ಅವನು ಹೋದ, ಎರಡು ಮಾತಿಗೆ ಮೂರನೆಯದು ಬೆಳೆದು, ಗಾದ್ರಪ್ಪನ ಅಂಗಿಯ ಕಾಲರ್ ಹಿಡಿದು ಜಗ್ಗಿ ಬಂದ. ಕೊನೆಗೆ ಅವಳೇ ಮತ್ತೆ ಹೋಗಿ ಅವನ ಜಗುಲಿಯ ಮೇಲೆ ಕೂತಳು.

“ನಿಂಗೇನಾಗ್ಬೇಕೋ ಹೇಳು ಗಾದ್ರಪ್ಪ.”

“ಮಗ್ಗ ಹೋತು, ಹೋಗ್ಲಿ ಬಿಡಕ್ಕ,” ಅಂದ ಅವನು. “ಎಡಗೈಲಿ ಉಣ್ತೀನಿ. ಮದುವೆ ಪಂಕ್ತೀಲಿ ಕೂರಕ್ಕೆ ನಾಚ್ಕೆ. ಅಯ್ಯಗಾರು ರೊಟ್ಟಿ ತಂದ್ರೆ ದೇವರ ಮುಂದೆ ಎಡಗೈ ಹೆಂಗೆ ಚಾಚ್ಲಿ? ಕೂಸಿಗೆ ತುತ್ತಿಡ್ದಂಗೆ ನನ್ನ ಬಾಯಿಗಿಡ್ತಾರೆ. ಅದೇ ರೊಟ್ಟಿಗೆ ಅವನು ಬಲಗೈ ಚಾಚ್ತಾನೆ, ನಾನು ಪಕ್ಕದಾಗೆ ಬಾಯಿ ತಕ್ಕಂಡು ಇರ್ಬೇಕಾ?” ಎಡಗೈಯಿಂದ ಅಂಗಳದ ಕಲ್ಲು ತೋರಿಸಿದ: “ಅವನ ಬಲಗೈನ ಈ ಕಲ್ಲಿನ ಮ್ಯಾಲೆ ಇಡ್ಸು. ಒಂದೇಟು ಹೊಡೀತೀನಿ. ಒಂದೇ. ಆಮೇಲೆ ಚರ್ಚಿನಾಗೆ ನಾನು ಬಾಯಿ ಬಿಡಲ್ಲ.”

ಪಾಪಕ್ಕನಿಗೆ ಅದು ನ್ಯಾಯವಾಗಿಯೇ ಕಂಡಿತು. ಅವಳು ಜನ್ಮವಿಡೀ ಕಲಿಸಿದ್ದೂ ಹಾಗೆಯೇ ಅಲ್ಲವೇ? ಏಟು ಕೊಟ್ಟು, ಉರೀತಾ ಎಂದು ಕೇಳಿ, ಮುಗಿಸುವುದು. ಪಾಲಾಕ್ಷನೂ ಹೂಂ ಅಂದ. ಕೈ ಮುರಿದರೆ ಕಟ್ಟಿಸಿಕೊಳ್ಳಬಹುದು, ಶಶಿರೇಖಾ ಹೋದರೆ ಏನು ಮಾಡುವುದು ಅಂದನಂತೆ. ಅಯ್ಯಗಾರಿಗೆ ಮಾತ್ರ ಯಾರೂ ಹೇಳಲಿಲ್ಲ.

ಮಂಗಳವಾರ ಬೆಳಗ್ಗೆ ಗಾದ್ರಪ್ಪನ ಮನೆಯ ಮುಂದಿನ ಬಟ್ಟೆ ಒಗೆಯುವ ಕಲ್ಲಿನ ಸುತ್ತ ಇಡೀ ಕಾಲೋನಿ ಸೇರಿತ್ತು. ಬೇಡ ಅಂದವರು ಒಬ್ಬರೂ ಇಲ್ಲ. ನಾಚಿಕೆಗೆಟ್ಟ ಜನ ನಾವು. ಗಾದ್ರಪ್ಪ ಒಳಗಿನಿಂದ ತಂದದ್ದು ಆ ಪಂಪಿನ ಹಿಡಿಕೆಯನ್ನೇ. ಅಷ್ಟು ದಿನ ಮಂಚದ ಕೆಳಗೆ ಇಟ್ಟುಕೊಂಡಿದ್ದನಂತೆ. ಪಾಲಾಕ್ಷ ಕುಕ್ಕರಗಾಲಲ್ಲಿ ಕೂತು ಬಲಗೈಯನ್ನು ಕಲ್ಲಿನ ಮೇಲೆ ಇಟ್ಟ. ಗಾದ್ರಪ್ಪ ಎಡಗೈಯಲ್ಲಿ ಕಬ್ಬಿಣ ಎತ್ತಿದ. ಅದು ಇಳಿಯುವಷ್ಟರಲ್ಲಿ ಪಾಲಾಕ್ಷನ ಕೈ ತಾನಾಗಿ ಹಿಂದಕ್ಕೆ ಬಂತು. ಕಲ್ಲಿನ ಚೂರು ಹಾರಿತು.

“ಇದು ಲೆಕ್ಕಕ್ಕಿಲ್ಲ,” ಅಂದ ಗಾದ್ರಪ್ಪ.

ಪಾಲಾಕ್ಷ ಮತ್ತೆ ಇಟ್ಟ, ಮತ್ತೆ ಎಳೆದುಕೊಂಡ. ಬೆವರು ಇಳಿಯುತ್ತಿತ್ತು. “ಆಗ್ತಿಲ್ಲ ದೊಡ್ಡವ್ವ,” ಅಂದ. ಆಗ ಪಾಪಕ್ಕ ಸೆರಗು ಸೊಂಟಕ್ಕೆ ಸಿಕ್ಕಿಸಿ, ಕಲ್ಲಿನ ಪಕ್ಕ ಮಂಡಿಯೂರಿ, ತಾನು ಸಾಕಿದ ಹುಡುಗನ ಮುಂಗೈಯನ್ನು ಎರಡೂ ಕೈಯಿಂದ ಅದುಮಿ ಹಿಡಿದಳು.

“ಈಗ ಹೊಡಿ,” ಅಂದಳು.

ರೂಢಿಯಿಲ್ಲದ ಎಡಗೈ, ಗುರಿ ಎಲ್ಲಿಂದ ಬರಬೇಕು? ಕಬ್ಬಿಣ ಬಿದ್ದದ್ದು ಪಾಪಕ್ಕನ ಮಣಿಕಟ್ಟಿನ ಮೇಲೆ. ಒಣಗಿದ ತೊಗರಿ ಕಡ್ಡಿ ಮುರಿದ ಹಾಗೆ ಸದ್ದಾಯಿತು. ಅವಳು ಕೂಗಲಿಲ್ಲ. “ಅಯ್ಯೋ ಅಕ್ಕ, ನಿಂಗಲ್ಲ, ನಿಂಗಲ್ಲ,” ಎಂದು ಗಾದ್ರಪ್ಪ ಕಬ್ಬಿಣ ಎಸೆದು ಅವಳನ್ನು ಹಿಡಿಯಲು ಬಗ್ಗಿದ. ಬಗ್ಗಿದವನ ತಲೆಯ ಮೇಲೆ ಪಾಲಾಕ್ಷ ಅದೇ ಕಬ್ಬಿಣ ಎತ್ತಿ ಹೊಡೆದ. ರಕ್ತ ಚಿಲ್ಲೆಂದು ಪಾಪಕ್ಕನ ಮುಖಕ್ಕೆ ಹಾರಿತು. ಮತ್ತೆ ಹೊಡೆದ, ಬೆನ್ನಿಗೆ, ಭುಜಕ್ಕೆ. ಗಂಡಸರು ಬಿದ್ದು ಅವನನ್ನು ಎಳೆಯುವ ಹೊತ್ತಿಗೆ ಗಾದ್ರಪ್ಪ ಕಲ್ಲನ್ನು ತಬ್ಬಿಕೊಂಡು ಬಿದ್ದಿದ್ದ. “ನಿಲ್ಸಲೇ! ನಿಲ್ಸೋ!” ಎಂದು ಪಾಪಕ್ಕ ಕಿರುಚುತ್ತಲೇ ಇದ್ದಳು.

ಇಬ್ಬರನ್ನೂ ಒಂದೇ ಆಟೋದಲ್ಲಿ ಆಸ್ಪತ್ರೆಗೆ ಒಯ್ದರು. ಗಾದ್ರಪ್ಪ ಬದುಕಿದ. ಪೊಲೀಸರಿಗೆ, ಜಾರಿ ಬಿದ್ದೆ ಎಂದ.

ಮೂರನೇ ಭಾನುವಾರ ಚರ್ಚು ತುಂಬಿತ್ತು. ಕಲ್ಲೇಶಪ್ಪ ಮಗಳನ್ನೂ ಕರೆದುಕೊಂಡು ಮುಂದೆ ಕೂತಿದ್ದ. ಅಯ್ಯಗಾರು ಹೆಸರು ಓದಿ, “ಎವರಿಕೈನಾ ಅಭ್ಯಂತರಂ ಉಂದಾ? ತಕರಾರು ಇದ್ದೋರು ಹೇಳ್ರಿ,” ಅಂದರು. ಎಲ್ಲರ ಕತ್ತೂ ಗಾದ್ರಪ್ಪನ ಕಡೆ ತಿರುಗಿತು. ತಲೆಗೆ ಬ್ಯಾಂಡೇಜು, ಒಂದು ಕಣ್ಣು ಊದಿ ಮುಚ್ಚಿತ್ತು. ಪಕ್ಕದವನು ತಿವಿದ. “ಒಂದೇಟು ಅಂದಿದ್ದೆ, ಹೊಡ್ದೆ. ನಂದು ಮುಗೀತು,” ಎಂದು ನೆಲ ನೋಡಿದ.

ಶಶಿರೇಖಾ ಉಸಿರು ಬಿಟ್ಟದ್ದು ನನಗೆ ಕೇಳಿಸಿತು. ಅಯ್ಯಗಾರು ಕನ್ನಡಕ ತೆಗೆಯುತ್ತಿದ್ದರು. ಆಗ ಹೆಂಗಸರ ಸಾಲಿನಲ್ಲಿ ಪಾಪಕ್ಕ ಎದ್ದಳು, ಕೊರಳಿಗೆ ತೂಗುಹಾಕಿದ ಸಿಮೆಂಟು ಪಟ್ಟಿಯ ಕೈ ಸಮೇತ.

“ನಂದೈತೆ,” ಅಂದಳು.

“ಕೂರ್ಚೋಮ್ಮಾ, ಪಾಪಕ್ಕಾ,” ಎಂದು ಅಯ್ಯಗಾರು ಕೈ ಆಡಿಸಿದರು.

“ಕೂರಲ್ಲ. ಗಾದ್ರಪ್ಪ ಆಡಿದ ಮಾತಿನಂಗೆ ನಡ್ಕಂಡ. ನಮ್ಮ ಹುಡುಗ ಆವತ್ತೂ ಕಬ್ಬಿಣ ಎತ್ತಿದ್ದ, ಮೊನ್ನೆನೂ ಅದನ್ನೇ ಎತ್ತಿದ. ಏನೂ ಕಲ್ತಿಲ್ಲ. ಅವನ ಕೈ ಅದುಮಿ ಹಿಡ್ಕಂಡು, ಹೊಡಿ ಅಂದ ನಾನೂ ಏನೂ ಕಲ್ತಿಲ್ಲ. ನಂಬಿದೀನಿ ಅಂತ ಇಲ್ಲಿ ನಿಂತು ಹೇಳಿದ್ರೆ ಅದು ಸುಳ್ಳಾಗ್ತೈತೆ. ನನ್ನ ಒಪ್ಗೆ ಇಲ್ಲ.”

ಕಲ್ಲೇಶಪ್ಪ ಎದ್ದು ಟವಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡ. ಮಗಳ ರಟ್ಟೆ ಹಿಡಿದು ಹೊರಗೆ ನಡೆದ. ಅವಳು ಬಾಗಿಲ ತನಕ ಹಿಂದಕ್ಕೆ ನೋಡುತ್ತಲೇ ಹೋದಳು. ಪಾಲಾಕ್ಷ ಕೂತವರ ಕಾಲು ಕೈ ತುಳಿದುಕೊಂಡು ಪಾಪಕ್ಕನ ಎದುರಿಗೆ ಬಂದ.

“ನಮ್ಮವ್ವನ್ನ ಸುಟ್ಟೋನಿಗಿಂತ ನೀನು ಕಡೆ,” ಎಂದು ಅವಳ ಕೆನ್ನೆಗೆ ಬಾರಿಸಿದ.

ಗಂಡಸರು ದಡದಡ ಎದ್ದರು. ಪಾಪಕ್ಕ ಒಳ್ಳೆಯ ಕೈಯನ್ನು ಎತ್ತಿ ಅವರನ್ನು ತಡೆದಳು. ಅವಳ ತುಟಿ ಒಡೆದು ರಕ್ತ ಬರುತ್ತಿತ್ತು. ಅವಳ ಕೈ ಅವನ ಮೇಲೆ ಹೋಗದೆ ಇದ್ದದ್ದನ್ನು ನಾನು ಕಂಡದ್ದು ಅದೇ ಮೊದಲು.

“ಮುಂದಿನ ವರ್ಷ ಕ್ಲಾಸಿಗೆ ಬಾರಲೇ,” ಅಂದಳು. “ಮೊದಲ್ನೇದ್ರಿಂದ ಶುರು ಮಾಡಾನ. ಇಬ್ರೂ.”

ಅವನು ಮುಂದಿನ ವರ್ಷ ಬರಲಿಲ್ಲ. ಬಂದದ್ದು ಅದರಾಚೆ ವರ್ಷ, ನನ್ನ ತಮ್ಮನ ಕ್ಲಾಸಿಗೆ. ಅಷ್ಟು ಹೊತ್ತಿಗೆ ಶಶಿರೇಖಾ ರಾಯದುರ್ಗದಲ್ಲಿ ಒಂದು ಕೂಸಿನ ತಾಯಿಯಾಗಿದ್ದಳು. ಹುಡುಗರ ನಡುವೆ ಚಾಪೆಯ ಮೇಲೆ ಬಂದು ಕೂತ. ಪಾಪಕ್ಕ ಮೊದಲನೇ ಆಜ್ಞೆ ಹೇಳಿಕೊಟ್ಟಳು, ಎಲ್ಲರ ಜತೆ ಅವನೂ ಹೇಳಿದ.