ಮರಿಗೆ ಕೆಳಗಿಟ್ಟ ಮೇಲೆ

ಶಿವಾಜಿನಗರದ ಅಕ್ಕಸಾಲಿಗರ ಗಲ್ಲಿಯಲ್ಲಿ, ಚರಂಡಿಯ ಪಕ್ಕ ಕುಳಿತು ಹಲಸೂರಿನ ಸೆಲ್ವಿಯಮ್ಮ ಮರಿಗೆ ಎಂಬ ಅಗಲವಾದ ಮರದ ತಟ್ಟೆಯನ್ನು ಅಲ್ಲಾಡಿಸುತ್ತಿದ್ದರು. ಅಂಗಡಿಗಳಿಂದ ಹರಿದುಬಂದ ಕೆಸರು ಹೊರಚೆಲ್ಲಿ, ಚಿನ್ನದ ಪುಡಿ ತಳದಲ್ಲಿ ಉಳಿಯುತ್ತಿತ್ತು. ಪುಡಿಯೆಲ್ಲ ಅಂಟಿ ಒಂದಾಗಲೆಂದು ಅದಕ್ಕೆ ಪಾದರಸ ಹಾಕಿ ಬರಿಗೈಯಲ್ಲೇ ಉಜ್ಜಿ, ಮತ್ತೆ ಅಲ್ಲಾಡಿಸಿದರು. ಸರ ಪಾಲಿಶ್‌ಗೆ ಕೊಟ್ಟು ಕಾಯುತ್ತಿದ್ದ ನಾನು, "ಇದಕ್ಕೆ ಮೆಷಿನ್ ಬಂದಿದೆಯಂತಲ್ಲಮ್ಮ, ತಗೋಬಾರ್ದಾ?" ಎಂದೆ.

"ಮೆಷಿನ್‌ಗೆ ಏನ್ ಗೊತ್ತು ಮೇಡಂ? ಎಲ್ಲಾ ಈ ಕೈಲಿರೋದು. ನಮ್ಮಮ್ಮ ಕಲಿಸಿದ್ದು."

ಅಷ್ಟರಲ್ಲಿ ಟೀ ಬಂತು. ಮರಿಗೆ ಕೆಳಗಿಟ್ಟರು. ಕೈಗಳು ಮಾತ್ರ ಹಾಗೇ ಅಲ್ಲಾಡುತ್ತಲೇ ಇದ್ದವು. ಲೋಟ ಹಿಡಿಯಲಾಗದೆ ಟೀ ಸೀರೆಯ ಮೇಲೆ ಚೆಲ್ಲಿತು.

"ಪಾದರಸ ಮುಟ್ಟಿ ಮುಟ್ಟಿ ಅಮ್ಮಂಗೂ ಹಿಂಗೇ ಆಗೋಗಿತ್ತು" ಎಂದರು. ಲೋಟ ನಾನೇ ಹಿಡಿದು ಕುಡಿಸಿದೆ.

ಈಗ ಆ ಗಲ್ಲಿಯಲ್ಲಿ ಯಾರು ಮರಿಗೆ ಅಲ್ಲಾಡಿಸುತ್ತಿದ್ದರೂ, ಅದನ್ನು ಕೆಳಗಿಟ್ಟ ಮೇಲೆ ಕೈ ನಿಲ್ಲುತ್ತದೆಯೇ ಎಂದು ನಿಂತು ನೋಡುತ್ತೇನೆ.