ಕಿಟಕಿಯಿಂದ ಬಂದ ಕೂಸು

ಮಕ್ಕಳೇ, ಶರಣು, ಗೌರಿ, ಇದನ್ನು ನಿಮಗಾಗಿ ಬರೆದಿಡುತ್ತಿದ್ದೇನೆ. ಹುಮನಾಬಾದ್ ಬಸ್‌ಸ್ಟ್ಯಾಂಡಿನಲ್ಲಿ ಜನ ಕಿಟಕಿಯಿಂದ ಟವೆಲ್ ಎಸೆದು ಸೀಟು ಹಿಡಿಯುತ್ತಿದ್ದ ಕಾಲವದು. ಒಂದು ದಿನ ಬಸ್ಸಿನ ಕಿಟಕಿ ಪಕ್ಕ ಕೂತಿದ್ದ ನನ್ನ ಮಡಿಲಿಗೆ ಒಂದು ಕೂಸೇ ಬಂತು. "ಅಕ್ಕಾ, ಇದನ್ನ ಬಾಜೂಕ ಕುಂದ್ರಿಸಿ ಸೀಟ್ ಹಿಡೀರಿ, ಬಂದೆ!" ಎಂದು ಕೂಗಿ ಅದರ ತಾಯಿ ಗದ್ದಲದಲ್ಲಿ ಮಾಯವಾದಳು.

ಬಸ್ಸು ಹೊರಟಿತು. ಆಕೆ ಬರಲಿಲ್ಲ. ಹಿಂದಿನ ಬೇಸಿಗೆಯಲ್ಲಿ ನನ್ನ ಜೀವದ ಗೆಳತಿ ಮದುವೆಯೊಂದಕ್ಕೆ ಹಾಕಿಕೊಳ್ಳಲೆಂದು ನನ್ನ ಚಿನ್ನದ ಬೋರಮಾಳ ಸರ ಒಯ್ದು, ಒಯ್ದೇ ಇಲ್ಲವೆಂದು ಆಣೆ ಮಾಡಿದ್ದಳು. ಅಂದಿನಿಂದ ನಾನು ಯಾರೊಂದಿಗೂ ಮಾತು ಬೆಳೆಸುತ್ತಿರಲಿಲ್ಲ. ಈಗ ಮತ್ತೆ ಮೋಸಹೋದೆ ಎಂದುಕೊಂಡೆ. ಕೂಸು ಮಾತ್ರ ನನ್ನ ಸೆರಗು ಚೀಪುತ್ತ ನಗುತ್ತಿತ್ತು.

ರಾಜೇಶ್ವರ ಊರು ದಾಟಿದ ಮೇಲೆ, ಬಾಗಿಲಲ್ಲಿ ಸಿಕ್ಕಿಕೊಂಡಿದ್ದ ಆಕೆ ಜನರ ನಡುವೆ ತೂರಿಕೊಂಡು ಬಂದಳು.

"ಗುರುತಿಲ್ಲದಾಕಿ ಕೈಯಾಗ ಕೂಸು ಹ್ಯಾಂಗ ಕೊಟ್ಟೆವ್ವಾ?" ಎಂದು ಗದರಿದೆ.

"ಒಯ್ದ್ರ ಒಯ್ರಿ ಅಕ್ಕಾ! ರಾತ್ರಿ ಪೂರಾ ಅಳ್ತದ, ಮುಂಜಾನಿ ನೀವೇ ತಂದ್ ಕೊಡ್ತೀರಿ!"

ಬಸ್ಸೆಲ್ಲ ನಕ್ಕಿತು. ಎಷ್ಟೋ ತಿಂಗಳ ಮೇಲೆ ನಾನೂ ನಕ್ಕೆ.

ಸರವಂತೂ ತಿರುಗಿ ಬರಲಿಲ್ಲ. ಆದರೆ ಬಸವಕಲ್ಯಾಣದಲ್ಲಿ ಇಳಿಯುವಷ್ಟರಲ್ಲಿ ನಾನು ಆಕೆಗೆ ನನ್ನ ಹೆಸರು, ಊರು, ಓಣಿ ಎಲ್ಲ ಹೇಳಿ, ಮನೆಗೆ ಬಾ ಎಂದು ಕರೆದೂ ಬಿಟ್ಟಿದ್ದೆ. ಮಕ್ಕಳೇ, ಈ ಹಾಳೆಗಳನ್ನು ಜೋಪಾನವಾಗಿ ಇಟ್ಟುಕೊಳ್ಳಿರಿ.