ತಂತಿ ಚುಚ್ಚಿದ ಜೆಟ್ಟು

ಬಾಗಲಗುಂಟೆಯ ಮೆಕ್ಯಾನಿಕ್ ಕೊಟ್ರಪ್ಪನ ಹೆಸರು ಕೇಳಿದರೆ ನನಗೆ ಈಗಲೂ ಮೈ ಉರಿಯುತ್ತದೆ. ನಮ್ಮ ಸೊಣ್ಣಮ್ಮನಿಗೇ ಬುದ್ಧಿ ಹೇಳಲು ಹೊರಟ ಮಹಾನುಭಾವ ಅವನು.

ಸೊಣ್ಣಮ್ಮ ನಮ್ಮ ಬೀದಿಯವರು. ಪೀಣ್ಯದ ಒಂದು ಕಾರ್ಖಾನೆಯಲ್ಲಿ ಹತ್ತೊಂಬತ್ತು ವರ್ಷ ಕಾರ್ಬುರೇಟರ್ ತಪಾಸಣೆ ಮಾಡಿದವರು. ಪೆಟ್ರೋಲನ್ನು ಅಳೆದು ಬಿಡುವ ಜೆಟ್ ಎಂಬ ಪುಟ್ಟ ಹಿತ್ತಾಳೆ ತುಂಡನ್ನು ಭೂತಗನ್ನಡಿಯ ಕೆಳಗಿಟ್ಟು, ಅದರ ಕೂದಲೆಳೆಯಷ್ಟು ತೂತು ಸರಿಯಿದೆಯೇ ಎಂದು ನೋಡುವುದೇ ಅವರ ಕೆಲಸ. ಹೊಸ ಗಾಡಿಗಳಿಗೆ ಕಾರ್ಬುರೇಟರೇ ಬೇಡ ಎಂದಾದಾಗ ಕಾರ್ಖಾನೆಯವರು ಒಂದು ಶಾಲು ಹೊದಿಸಿ ಮನೆಗೆ ಕಳಿಸಿದರು. ದೊಡ್ಡ ಉಪಕಾರ! ಈಗ ಹಳೆಯ ಮೊಪೆಡ್ಡಿನಲ್ಲಿ ಮುದ್ದೆ, ಸಾರು ಕಟ್ಟಿಕೊಂಡು ಹೋಗಿ ಅದೇ ಕಾರ್ಖಾನೆಯ ಗೇಟಿನ ಮುಂದೆ ಮಾರುತ್ತಾರೆ. ಅಲ್ಲಿ ಊಟಕ್ಕೆ ಬಿಡುವುದು ಹನ್ನೆರಡೂವರೆಗೆ, ಅರ್ಧ ಗಂಟೆ ಮಾತ್ರ. ತಡವಾದರೆ ಅಷ್ಟೂ ಅಡುಗೆ ಹಾಳು.

ಆವತ್ತು ಹನ್ನೊಂದೂ ಮುಕ್ಕಾಲಿಗೆ ಅವರ ಮೊಪೆಡ್ ಕೆಮ್ಮಿ ಕೆಮ್ಮಿ ಕೊಟ್ರಪ್ಪನ ಅಂಗಡಿಯ ಮುಂದೆಯೇ ನಿಂತಿತು. ನಾನು ಪಂಕ್ಚರ್ ಹಾಕಿಸಲು ಅಲ್ಲೇ ಕೂತಿದ್ದೆ.

“ಜೆಟ್ಟಲ್ಲಿ ಕಸ ಸಿಕ್ಕೈತೆ ಅಣ್ಣ. ಪೆಟ್ರೋಲಲ್ಲಿ ತೊಳ್ದು ಗಾಳಿ ಒಡೀರಿ, ಸಾಕು,” ಎಂದರು ಸೊಣ್ಣಮ್ಮ.

“ಅಕ್ಕಾ, ನೀವು ಆ ಕಡೆ ನೆರಳಲ್ಲಿ ಕೂತ್ಕೊಳಿ. ಗಾಡಿ ವಿಷ್ಯ ನಿಮಗೆ ಗೊತ್ತಾಗಲ್ಲ.”

ಹಾಗೆಂದವನೇ ಕಾರ್ಬುರೇಟರ್ ಬಿಚ್ಚಿ, ಹಳೆಯ ಕ್ಲಚ್ ಕೇಬಲ್ಲಿನಿಂದ ಒಂದು ಉಕ್ಕಿನ ಎಳೆ ಕಿತ್ತು ಜೆಟ್ಟಿಗೆ ಚುಚ್ಚಿದ. “ಚುಚ್ಬ್ಯಾಡಿ, ತೂತು ದೊಡ್ದಾಯ್ತದೆ!” ಎಂದು ಅವರು ಕೂಗಿದರೂ ತಿರುಗಿ ನೋಡಲಿಲ್ಲ. ಗಾಡಿ ಸ್ಟಾರ್ಟ್ ಆಯಿತು, ಕಪ್ಪು ಹೊಗೆ ಉಗುಳಿತು, ನಿಂತಿತು.

“ಪೂರಾ ಕಾರ್ಬುರೇಟರೇ ಹೋಗಿದೆ ಅಕ್ಕಾ, ಸಾಯಂಕಾಲ ಬನ್ನಿ,” ಎಂದುಬಿಟ್ಟ. ಕೆಡಿಸಿದವನು ಆಡುವ ಮಾತೇ ಇದು? ಎದ್ದು ಎರಡು ಬಾರಿಸೋಣ ಅನ್ನಿಸಿತು ನನಗೆ.

ಸೊಣ್ಣಮ್ಮ ಜಗಳಕ್ಕೆ ನಿಲ್ಲಲಿಲ್ಲ. ಸೆರಗು ಸೊಂಟಕ್ಕೆ ಸಿಕ್ಕಿಸಿ, ಅವನ ಗುಜರಿ ಡಬ್ಬವನ್ನೇ ನೆಲಕ್ಕೆ ಸುರಿದರು. ತಮ್ಮ ಜೆಟ್ಟಿನ ಮೇಲೆ ಕೊರೆದಿದ್ದ ನಂಬರೇ ಇರುವ ಹಳೆಯ ಜೆಟ್ಟುಗಳನ್ನು ಆರಿಸಿ, ಒಂದೊಂದನ್ನೇ ಬಿಸಿಲಿಗೆ ಹಿಡಿದು ನೋಡಿದರು. ನಾಲ್ಕನ್ನು ಎಸೆದರು. ಎಲ್ಲಕ್ಕೂ ಇವನು ತಂತಿ ಚುಚ್ಚಿದ್ದ! ಐದನೆಯದನ್ನು ತೊಳೆದು ಕೂರಿಸಿದರು. ಕಾರ್ಬುರೇಟರಿಗೆ ಗಾಳಿ ಬಿಡುವ ಸ್ಕ್ರೂ ಪೂರ್ತಿ ಬಿಗಿದು, ಒಂದೂವರೆ ಸುತ್ತು ಸಡಿಲಿಸಿ, ಗಾಡಿ ಸ್ಟಾರ್ಟ್ ಮಾಡಿ ಕಿವಿಗೊಟ್ಟು ಕೇಳಿದರು. ಇನ್ನೊಂದು ಚೂರು ತಿರುಗಿಸಿದ ಮೇಲೆ ಇಂಜಿನ್ ಒಂದೇ ಸಮನೆ ಓಡತೊಡಗಿತು. ಹನ್ನೆರಡು ಹತ್ತು ಆಗಿತ್ತು.

“ಪರ್ವಾಗಿಲ್ವೇ!” ಎಂದ ಕೊಟ್ರಪ್ಪ. “ಅಕ್ಕಾ, ನಾಳೆಯಿಂದ ಬೆಳಿಗ್ಗೆ ಬಂದು ಅಂಗಡಿ ಗುಡಿಸ್ಕೊಟ್ಟು ಹೋಗ್ತೀರಾ? ಟೈಮಿದ್ರೆ ಇಂಥ ಸಣ್ಣಪುಟ್ಟ ಕೆಲ್ಸಾನೂ ಮಾಡ್ಬೋದು.”

ಹತ್ತೊಂಬತ್ತು ವರ್ಷ ಪಳಗಿದ ಕೈ, ಅದನ್ನು ಗುಡಿಸಲು ಕರೆಯುತ್ತಾನೆ! ನಾನು ಬಾಯಿ ತೆರೆಯುವಷ್ಟರಲ್ಲಿ ಸೊಣ್ಣಮ್ಮ ಪಾತ್ರೆಯ ಹಗ್ಗ ಬಿಗಿದು ಗಾಡಿ ಹತ್ತಿಯಾಗಿತ್ತು.

“ಊಟ ಬಡಿಸ್ಕೊಂಡು ಎರಡು ಗಂಟೆಗೆ ಬತ್ತೀನಿ ಕಣಪ್ಪ,” ಎಂದರು. “ಜೆಟ್ ತೊಳೆಯೋದು ಎಂಗೆ ಅಂತ ಕಲಿಸ್ಕೊಡ್ತೀನಿ. ಅಷ್ಟರಲ್ಲಿ ನೀನೇ ಗುಡ್ಸಿ ಮಡಗಿರು.”